ಏಳೂ ಹತ್ತಕ್ಕೆ ಕರೆಂಟ್ ಹೋಯಿತು

ನಾನು ಓದಿದ್ದು ಡಿಪ್ಲೊಮಾ ಎಲೆಕ್ಟ್ರಿಕಲ್. ಮದುವೆ ಪೆಂಡಾಲು, ಜಾತ್ರೆ ಮಳಿಗೆ, ದಸರಾ ಬಂದರೆ ದೀಪದ ಸೀರಿಯಲ್ ಸೆಟ್ಟು, ಹೀಗೆ ನಾಲ್ಕು ದಿನ ಇದ್ದು ಬಿಚ್ಚಿಕೊಂಡು ಹೋಗುವ ವೈರಿಂಗೇ ನನ್ನ ಹೊಟ್ಟೆಪಾಡು. ಹೋದ ವರ್ಷ ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ಫುಡ್ ಟ್ರಕ್ ಪಾರ್ಕ್ ಮಾಡುತ್ತೇವೆ, ಸೈಟ್ ಪೂರ್ತಿ ನೀನೇ ನೋಡಿಕೋ ಅಂದರು. ಒಪ್ಪಿಕೊಂಡೆ. ಉದ್ಘಾಟನೆ ದಿನವೇ ಮರ್ಯಾದೆ ಕಳೆದುಕೊಂಡೆ. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಜಾಗ ಹಳೇ ಸಾಮಿಲ್ಲಿನದು. ಮಿಲ್ಲು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಮಣ್ಣು ಕೆದಕಿದರೆ ಈಗಲೂ ಮರದ ಹೊಟ್ಟು ಸಿಗುತ್ತದೆ. ಗೇಟಿನಲ್ಲಿ ನಿಂತು ಕತ್ತೆತ್ತಿದರೆ ಸಂತ ಫಿಲೋಮಿನಾ ಚರ್ಚಿನ ಎರಡೂ ಗೋಪುರ ಕಾಣುತ್ತವೆ. ಮೊದಲು ಕತ್ತಲಾದ ಮೇಲೆ ಈ ಬೀದಿಗೆ ಯಾರೂ ಬರುತ್ತಿರಲಿಲ್ಲ. ಈಗ ಹೆಂಚಿನ ಮನೆಯೊಂದರಲ್ಲಿ ಕಾಫಿ ಅಂಗಡಿ ಬಂದಿದೆ, ಇನ್ನೊಂದರಲ್ಲಿ ಫೋಟೊ ಸ್ಟುಡಿಯೊ. ಬೀದಿಗೆ ಜೀವ ಬಂತು ಅಂತ ಎಲ್ಲರೂ ಹೇಳುತ್ತಾರೆ. ಬಾಡಿಗೆಗೂ ಬಂತು, ಅದನ್ನು ಬಾಡಿಗೆ ಕಟ್ಟುವವರು ಹೇಳುತ್ತಾರೆ.

ಮಾಲೀಕರು ಅಮೆರಿಕದ ಪೋರ್ಟ್‌ಲ್ಯಾಂಡ್ ಊರಿನ ವಿಡಿಯೊ ನೋಡಿದ್ದರು. ಅಲ್ಲಿ ಖಾಲಿ ಪಾರ್ಕಿಂಗ್ ಜಾಗಗಳಲ್ಲಿ ತಿಂಡಿ ಗಾಡಿಗಳು ಗುಂಪಾಗಿ ನಿಲ್ಲುತ್ತವಂತೆ, ಅದಕ್ಕೆ ‘ಪಾಡ್’ ಅನ್ನುತ್ತಾರಂತೆ. ನನಗೆ ಮಾತ್ರ ಅದು ಹೊಸದು ಅನ್ನಿಸಲಿಲ್ಲ. ದಸರಾ ಆಹಾರ ಮೇಳದಲ್ಲಿ ಬಂಬೂ ಬಿರಿಯಾನಿಗೆ ಬಿಸಿಲಲ್ಲಿ ಕ್ಯೂ ನಿಂತ ಊರು ನಮ್ಮದು. ಬಯಲಲ್ಲಿ ನಿಂತು ತಿನ್ನುವುದನ್ನು ಮೈಸೂರಿಗೆ ಯಾರೂ ಕಲಿಸಬೇಕಾಗಿಲ್ಲ, ಅಲ್ವಾ?

ಎಂಟು ಗಾಡಿ ಬಂದವು. ದೋಸೆ, ಗೋಬಿ, ಮೊಮೊ, ಬಿರಿಯಾನಿ, ಜ್ಯೂಸ್, ಕಾಫಿ, ಫ್ರೆಂಚ್ ಫ್ರೈಸ್, ವಾಫಲ್. ಹೆಚ್ಚಿನವು ಛೋಟಾ ಹಾತಿಗೆ ಬಾಡಿ ಕಟ್ಟಿಸಿಕೊಂಡವು.

ಗ್ಯಾಸ್ ವಿಷಯ ನನಗೆ ಗೊತ್ತಿರಲಿಲ್ಲ, ಹಾಗಾಗಿ ಭಯ ಇತ್ತು. 19 ಕೆಜಿಯ ಕಮರ್ಷಿಯಲ್ ಸಿಲಿಂಡರು, ಗಾಡಿಗೆ ಒಂದೋ ಎರಡೋ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗುವುದಿಲ್ಲ, ನೆಲ ಹಿಡಿದು ಹರಿದು ತಗ್ಗಿನಲ್ಲಿ ಕೂರುತ್ತದೆ ಅಂತ ಗೊತ್ತಿದ್ದವರೊಬ್ಬರು ಹೇಳಿದರು. ನಮ್ಮ ಜಾಗದ ಅಂಚಿನಲ್ಲಿ ಚಪ್ಪಡಿ ಮುಚ್ಚಿದ ಹಳೇ ಚರಂಡಿ ಇತ್ತು. ಚಪ್ಪಡಿ ಸಂದಿಯಲ್ಲಿ ಕೈ ತೂರುವಷ್ಟು ಜಾಗ. ಒಂದು ಬೆಳಗ್ಗೆ ಪೂರ್ತಿ ಅಲ್ಲೇ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಚಪ್ಪಡಿ ನೋಡಿದೆ. ಸಂದಿಗೆ ಸಿಮೆಂಟ್ ಹಾಕಿಸಿದೆ. ಸಿಲಿಂಡರ್ ಇಡುವ ಕಡೆ ಚರಂಡಿಯಿಂದ ದೂರ ಇರುವ ಹಾಗೆ ಗಾಡಿ ತಿರುಗಿಸಿದೆ. ಇವತ್ತಿನವರೆಗೂ ಗ್ಯಾಸಿನಿಂದ ಒಂದು ತೊಂದರೆ ಆಗಿಲ್ಲ.

ಕರೆಂಟ್ ಗೊತ್ತಿತ್ತು. ಹಾಗಾಗಿ ಒಂದು ಫಾರಂ ಮಾಡಿದೆ. ‘ನಿಮ್ಮ ಗಾಡಿಯಲ್ಲಿರುವ ಉಪಕರಣ, ವ್ಯಾಟ್’ ಅಂತ ಎರಡು ಕಾಲಂ. ವಾಟ್ಸಾಪಿನಲ್ಲಿ ಕಳಿಸಿದೆ. ಎಲ್ಲರೂ ತುಂಬಿ ಕಳಿಸಿದರು. ಕೂಡಿದೆ, ಮೂರು ಫೇಸಿಗೆ, ಅಂದರೆ ಕರೆಂಟ್ ಬರುವ ಆರ್, ವೈ, ಬಿ ಅನ್ನುವ ಮೂರು ಲೈನಿಗೆ ಹಂಚಿದೆ. ಹಂಚಿದ್ದಾದರೂ ಹೇಗೆ? ಗಾಡಿ ನಿಂತ ಸಾಲಿನ ಪ್ರಕಾರ, ಮೂರು, ಮೂರು, ಎರಡು. ಕೇಬಲ್ ಕಡಿಮೆ ಹಿಡಿಯುತ್ತದೆ, ಎಳೆಯೋದು ಸಲೀಸು. ಆರ್ ಫೇಸಿಗೆ ಬಿದ್ದದ್ದು ಕಾಫಿ, ಫ್ರೈಸ್, ವಾಫಲ್. ಪ್ರತಿ ಫೇಸಿಗೆ 32 ಆಂಪಿಯರಿನ ಎಂಸಿಬಿ, ಲೋಡು ಜಾಸ್ತಿಯಾದರೆ ತಾನೇ ಬಿದ್ದು ಕರೆಂಟ್ ಕಡಿಯುವ ಸ್ವಿಚ್ಚು. 32 ಆಂಪಿಯರ್ ಅಂದರೆ ಏಳು ಚಿಲ್ಲರೆ ಕಿಲೋವ್ಯಾಟ್. ಫಾರಂ ಪ್ರಕಾರ ಆರ್ ಫೇಸಿನ ಲೋಡು ಆರೂವರೆ. ಇನ್ನೂ ಜಾಗ ಉಳಿದಿದೆ ಅಂತ ಅದಕ್ಕೇ ಗೇಟಿನ ಸೀರಿಯಲ್ ಸೆಟ್ಟನ್ನೂ ಕೊಟ್ಟೆ.

ಮಧ್ಯಾಹ್ನ ಟ್ರಯಲ್. ಎಲ್ಲ ಗಾಡಿಯಲ್ಲೂ ಎಲ್ಲ ಮೆಷಿನ್ ಹಾಕಿಸಿ ಹತ್ತು ನಿಮಿಷ ಓಡಿಸಿದೆವು. ಏನೂ ಆಗಲಿಲ್ಲ. ಮಾಲೀಕರು ಬೆನ್ನು ತಟ್ಟಿದರು.

ಶನಿವಾರ ಸಂಜೆ ಆರಕ್ಕೆ ಗೇಟ್ ತೆಗೆದೆವು. ಇಷ್ಟೊಂದು ಜನ ಬರುತ್ತಾರೆ ಅಂತ ಅಂದುಕೊಂಡಿರಲಿಲ್ಲ. ಬಿರಿಯಾನಿಯವನ ಹತ್ತಿರ ಮಾತ್ರ ಖಾಲಿ. ಶನಿವಾರ ಮೈಸೂರಲ್ಲಿ ಎಷ್ಟು ಮನೆಯವರು ಮಾಂಸ ಮುಟ್ಟಲ್ಲ ಅನ್ನೋದು ವೀಕೆಂಡ್ ಅಂತ ದಿನ ಗೊತ್ತು ಮಾಡಿದವರಿಗೆ ಹೊಳೆದೇ ಇರಲಿಲ್ಲ. ಏಳೂ ಹತ್ತಕ್ಕೆ ಗೇಟಿನ ದೀಪ, ಕಾಫಿ, ಫ್ರೈಸ್, ವಾಫಲ್ ಎಲ್ಲ ಒಟ್ಟಿಗೆ ಹೋಯಿತು.

ಎಂಸಿಬಿ ಎತ್ತಿದೆ. ಎಂಟು ನಿಮಿಷ ನಿಂತಿತು. ಮತ್ತೆ ಎತ್ತಿದೆ, ಮೂರು ನಿಮಿಷ. ಮುಟ್ಟಿ ನೋಡಿದರೆ ಬಿಸಿ. ಜೊತೆಗಿದ್ದ ಹುಡುಗ, “ಅಣ್ಣ, 63ರದ್ದು ಬ್ಯಾಗಲ್ಲಿದೆ, ಹಾಕ್ಬಿಡ್ಲಾ?” ಅಂದ. ಬೇರೆ ಹೊತ್ತಲ್ಲಾಗಿದ್ದರೆ ಕಪಾಳಕ್ಕೆ ಬಿಡುತ್ತಿದ್ದೆ. ಕೇಬಲ್ಲು ಇರೋದು 32ಕ್ಕೆ. ದೊಡ್ಡ ಎಂಸಿಬಿ ಹಾಕಿದರೆ ಟ್ರಿಪ್ ಆಗುವುದು ನಿಲ್ಲುತ್ತದೆ, ವೈರು ಸುಡುವುದು ಶುರುವಾಗುತ್ತದೆ. ಅದೂ ಜನರ ಕಾಲ ಕೆಳಗೆ.

ವೈರಿನಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ ಅಂತ ತೋರಿಸುವ ಟಾಂಗ್ ಟೆಸ್ಟರ್ ಹಾಕಿದೆ. 41 ಆಂಪಿಯರ್.

ವಾಫಲ್ ಗಾಡಿಗೆ ಓಡಿದೆ. ಫಾರಂನಲ್ಲಿ ಇದ್ದದ್ದು ಒಂದು ಮೆಷಿನ್, ಸಾವಿರ ವ್ಯಾಟ್. ಗಾಡಿಯಲ್ಲಿ ಇದ್ದದ್ದು ಎರಡು, ಒಂದೊಂದೂ ಒಂದೂವರೆ ಕಿಲೋವ್ಯಾಟ್. ಆ ಹುಡುಗಿ ಸುಳ್ಳು ಬರೆದಿರಲಿಲ್ಲ. ಫಾರಂ ತುಂಬಿದಾಗ ಒಂದೇ ಇತ್ತು. ಉದ್ಘಾಟನೆಗೆ ಜನ ಜಾಸ್ತಿ ಬರುತ್ತಾರೆ ಅಂತ ಹಿಂದಿನ ದಿನ ಅಕ್ಕನ ಹತ್ತಿರ ಸಾಲ ಮಾಡಿ ದೊಡ್ಡವು ಎರಡು ತಂದಿದ್ದಳು. ಫ್ರೈಸಿನವನ ಫ್ರೀಜರ್ ಫಾರಂನಲ್ಲೇ ಇರಲಿಲ್ಲ. “ಅದು ಯಾವಾಗಲೂ ಆನ್ ಇರತ್ತಲ್ಲ ಸಾರ್, ಅದನ್ನೂ ಬರೀಬೇಕಾ?” ಅಂದ.

ಮತ್ತೆ ಟ್ರಯಲ್ಲಿನಲ್ಲಿ ಯಾಕೆ ಸಿಕ್ಕಿಬೀಳಲಿಲ್ಲ? ಇದು ನನಗೆ ರಾತ್ರಿ ಮಲಗಿದ ಮೇಲೆ ಹೊಳೆಯಿತು, ನಾಚಿಕೆಯೂ ಆಯಿತು. ಬಿಸಿ ಮಾಡುವ ಮೆಷಿನ್ನುಗಳು ಒಂದೇ ಸಮ ಕರೆಂಟ್ ಎಳೆಯುವುದಿಲ್ಲ. ಕಾದ ಮೇಲೆ ಥರ್ಮೋಸ್ಟ್ಯಾಟ್ ಆಫ್ ಮಾಡುತ್ತದೆ, ಆರಿದರೆ ಮತ್ತೆ ಆನ್. ಗಿರಾಕಿ ಇಲ್ಲದ ಮಧ್ಯಾಹ್ನ ಒಂದು ಕಾದು ಸುಮ್ನೆ ಕೂತಾಗ ಇನ್ನೊಂದು ಎಳೆಯುತ್ತಿರುತ್ತದೆ. ಸಂಜೆ ಹಾಗಲ್ಲ. ತಣ್ಣಗಿನ ಹಿಟ್ಟು ಹೊಯ್ಯುತ್ತಲೇ ಇರುತ್ತಾರೆ, ಐಸ್ ಆದ ಆಲೂ ಎಣ್ಣೆಗೆ ಬೀಳುತ್ತಲೇ ಇರುತ್ತದೆ, ಯಾವ ಮೆಷಿನ್ನಿಗೂ ಬಿಡುವಿಲ್ಲ. ಎಲ್ಲ ಒಟ್ಟಿಗೆ ಎಳೆಯುತ್ತವೆ. ಅದರ ಮೇಲೆ ಎಂಸಿಬಿ ಸ್ವಲ್ಪ ಜಾಸ್ತಿ ಲೋಡಿಗೆ ಪಟ್ಟಂತ ಬೀಳುವುದಿಲ್ಲ. ಒಳಗಿನ ಪಟ್ಟಿ ನಿಧಾನಕ್ಕೆ ಕಾದು ಬಾಗಬೇಕು, ಆಮೇಲೆ ಬೀಳುತ್ತದೆ. ಒಂದು ಸಲ ಬಿದ್ದು ಬಿಸಿಯಾಗಿದ್ದರೆ ಮುಂದಿನ ಸಲ ಇನ್ನೂ ಬೇಗ. ಹತ್ತು ನಿಮಿಷದ ಟ್ರಯಲ್ಲಿನಲ್ಲಿ ಇದೆಲ್ಲಿ ಕಾಣಬೇಕು? ಇಷ್ಟೂ ನನಗೆ ಡಿಪ್ಲೊಮಾದಲ್ಲೇ ಗೊತ್ತಿದ್ದ ವಿಷಯ. ಗ್ಯಾಸ್ ಗೊತ್ತಿಲ್ಲ ಅಂತ ಚರಂಡಿ ಪಕ್ಕ ಕೂತೆ. ಕರೆಂಟ್ ಗೊತ್ತು ಅಂತ ಮನೆಯಲ್ಲಿ ಕೂತು ಕೂಡಿಸಿದೆ.

ಆ ರಾತ್ರಿ ಕಾಫಿ ಗಾಡಿಯನ್ನು ಬಿ ಫೇಸಿಗೆ, ಫ್ರೈಸನ್ನು ವೈ ಫೇಸಿಗೆ ಬದಲಾಯಿಸಲು ಮುಕ್ಕಾಲು ಗಂಟೆ ಹಿಡಿಯಿತು. ಕೆಲಸ ಮುಗಿಯೋವರೆಗೂ ಬೋರ್ಡೇ ಆಫ್. ಪೂರ್ತಿ ಮೈದಾನ ಕತ್ತಲು. ಗೋಬಿಯವನು ಗ್ಯಾಸಿನ ಮೇಲೆ ಇದ್ದ, ಮೊಬೈಲ್ ಟಾರ್ಚ್ ಬೆಳಕಲ್ಲಿ ಹುರಿಯುತ್ತಲೇ ಇದ್ದ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂದ ಮೇಲೆ, ಗೋಬಿ ಯಾಕೆ ಕೆಂಪಗಿಲ್ಲ ಅಂತ ಕೇಳುವವರು ಅವನಿಗೆ ತಪ್ಪಿದ್ದಿಲ್ಲ. ಅವತ್ತು ಒಬ್ಬರೂ ಕೇಳಲಿಲ್ಲ. ಕಾಣಿಸಿದರೆ ತಾನೆ?

ಗೇಟಿನ ಹೊರಗೆ ಮಾತ್ರ ಬೆಳಕಿತ್ತು. ಅಲ್ಲಿ ಒಬ್ಬರು ಮಸಾಲೆ ಪುರಿ ಗಾಡಿ ಇಟ್ಟುಕೊಂಡಿದ್ದಾರೆ, ನಮಗಿಂತ ಎಷ್ಟೋ ಹಳಬರು. ಗೇಟಿನ ಅಂದ ಕೆಡುತ್ತದೆ, ಅವರನ್ನು ಆಚೆ ಮೂಲೆಗೆ ಕಳಿಸೋಣ ಅಂತ ಮೊದಲು ಮಾತಾಗಿತ್ತು. ಬೀದಿ ಬದಿ ವ್ಯಾಪಾರಿಗಳಿಗೆ 2014ರಿಂದ ಕಾಯ್ದೆ ಇದೆ, ನಾವು ಹೇಳಿದ ಹಾಗೆ ಎಬ್ಬಿಸಲು ಆಗಲ್ಲ ಅಂತ ಯಾರೋ ಹೇಳಿದ ಮೇಲೆ ಸುಮ್ಮನಾದರು. ಅವರ ಗಾಡಿಯಲ್ಲಿ ಇರುವುದು ಒಂದು ಚಾರ್ಜಿಂಗ್ ಬಲ್ಬು, ಒಂದು ಒಲೆ. ನಮ್ಮ ಉದ್ಘಾಟನೆಗೆ ಬಂದ ಜನ ಅರ್ಧಕ್ಕರ್ಧ ಅವರ ಸುತ್ತ ನಿಂತಿತ್ತು. ಬಟಾಣಿ ಖಾಲಿಯಾಗಿ ಎಂಟೂವರೆಗೆ ಅಂಗಡಿ ಎತ್ತಿದರು. ಹೋಗುವಾಗ ನನ್ನ ಕೈಗೆ ಒಂದು ಪ್ಲೇಟ್ ಕೊಟ್ಟು, “ತಿನ್ನಪ್ಪ, ಮಧ್ಯಾಹ್ನದಿಂದ ಓಡಾಡ್ತಾನೇ ಇದೀಯ” ಅಂದರು. ದುಡ್ಡು ತಗೊಳ್ಳಲಿಲ್ಲ. ಆಮೇಲೊಂದು ದಿನ ಮಾಲೀಕರೇ ಹೋಗಿ ಒಳಗೆ ಜಾಗ ಕೊಡುತ್ತೇನೆ ಬನ್ನಿ ಅಂದರಂತೆ. “ಒಳಗೆ ಬಂದ್ರೆ ಬಾಡಿಗೆ ಕಟ್ಬೇಕು. ಹೊರಗಿದ್ರೆ ನಿಮ್ಮ ಗಿರಾಕಿನೂ ನಂದೇ” ಅಂದರಂತೆ.

ಈಗ ಫಾರಂ ಇಲ್ಲ. ಹೊಸ ಗಾಡಿ ಬಂದರೆ ಅವರು ಸದ್ಯಕ್ಕೆ ವ್ಯಾಪಾರ ಮಾಡುವ ಕಡೆಗೇ ರಶ್ ಹೊತ್ತಲ್ಲಿ ಹೋಗಿ ಒಂದು ಗಂಟೆ ನಿಲ್ಲುತ್ತೇನೆ. ಮೆಷಿನ್ ಹಿಂದಿನ ಪ್ಲೇಟ್ ಓದುತ್ತೇನೆ, ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದು ಏನು ಅಂತ ಎತ್ತಿ ನೋಡುತ್ತೇನೆ. ಭಾನುವಾರ ರಾತ್ರಿ ಎಂಟಕ್ಕೆ, ಜನ ತುಂಬಿದಾಗ, ಟಾಂಗ್ ಟೆಸ್ಟರ್ ಹಿಡಿದು ಮೂರೂ ಫೇಸ್ ನೋಡಿ ಡೈರಿಯಲ್ಲಿ ಬರೆಯುತ್ತೇನೆ.

ಮೊನ್ನೆ ಭಾನುವಾರ ಆರ್ ಫೇಸ್ ನೋಡಿದರೆ 21 ತೋರಿಸುತ್ತಿದೆ. ಹಿಂದಿನ ವಾರ 14 ಇತ್ತು. ತಲೆ ಎತ್ತಿ ವಾಫಲ್ ಗಾಡಿ ಕಡೆ ನೋಡಿದೆ. ಆ ಹುಡುಗಿ ಹಿಟ್ಟಿನ ಸೌಟು ಹಿಡಿದುಕೊಂಡೇ ನಾಲಿಗೆ ಕಚ್ಚಿಕೊಂಡಳು. “ಅಣ್ಣ, ಹೇಳೋಣ ಅಂತಿದ್ದೆ. ಮೂರನೇದು ತಂದೆ.”