ಅಮ್ಮನ ಪುಸ್ತಕದಲ್ಲಿ ದಿನಾರ್

"40 ದಿ. – 53 – 2,120 – ಚಿ. 312."

ಅಮ್ಮನ ಲೆಕ್ಕದ ಪುಸ್ತಕದ ಮೊದಲ ಸಾಲು ಇದು. 1989ರ ಜನವರಿ. ಅಪ್ಪ ಕುವೈತ್‌ನಿಂದ ಕಳಿಸಿದ ಮೊದಲನೇ ಡ್ರಾಫ್ಟು. ನಲವತ್ತು ದಿನಾರ್, ದಿನಾರ್‌ಗೆ ಐವತ್ತಮೂರು ರೂಪಾಯಿ, ಕೈಗೆ ಬಂದದ್ದು ಎರಡು ಸಾವಿರದ ನೂರಿಪ್ಪತ್ತು. ಕೊನೆಯದು ಅವತ್ತು ಚಿಂತಾಮಣಿ ಪೇಟೆಯಲ್ಲಿ ಒಂದು ಗ್ರಾಂ ಚಿನ್ನಕ್ಕಿದ್ದ ರೇಟು. ಚಿನ್ನ ಕೊಳ್ಳುವ ಸ್ಥಿತಿಯಲ್ಲಿ ನಾವಿರಲಿಲ್ಲ. ಆದರೂ ಡ್ರಾಫ್ಟು ಜಮಾ ಮಾಡಿ ಬರುವಾಗ ಅಂಗಡಿಯ ಹಲಗೆ ನೋಡಿಕೊಂಡು ಬಂದು ಬರೆಯುತ್ತಿದ್ದಳು.

ನಮ್ಮದು ಕೈವಾರದ ಪಕ್ಕದ ಹಳ್ಳಿ. ಆಗ ಇನ್ನೂ ಕೋಲಾರ ಜಿಲ್ಲೆ. ಎರಡು ಬೋರು ಫೇಲಾದ ಮೇಲೆ ಅಪ್ಪ ಲಾರಿ ಬಿಟ್ಟು ಕುವೈತ್‌ನಲ್ಲಿ ಒಬ್ಬರ ಮನೆ ಡ್ರೈವರ್ ಆಗಿ ಹೋದ. ಆ ಮನೆಯ ಕಫೀಲನ, ಅಂದರೆ ಅಪ್ಪನನ್ನು ವೀಸಾ ಕೊಟ್ಟು ಕರೆಸಿಕೊಂಡ ಯಜಮಾನನ ತಂದೆ, ಹಣ್ಣಾದ ಮುದುಕ, ಒಂದು ದಿನ ಕಾರಲ್ಲಿ ಕೂತು ಮುರುಕು ಹಿಂದಿಯಲ್ಲಿ ಹೇಳಿದನಂತೆ: "ನಿಮ್ಮ ರೂಪಾಯಿ ಕೊಟ್ಟೇ ನನ್ನ ಮದುವೆ ಆದದ್ದು." ಅಪ್ಪ ಇದನ್ನು ಕಾಗದದಲ್ಲಿ ಬರೆದಿದ್ದ. ನಾವ್ಯಾರೂ ನಂಬಲಿಲ್ಲ.

ಬಿ.ಕಾಂ. ಓದುವಾಗ ನನಗೆ ಗೊತ್ತಾಯಿತು, ಮುದುಕ ಹೇಳಿದ್ದು ನಿಜ. 1961ರವರೆಗೆ ಕುವೈತ್‌ನಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿಯೇ. ಆದರೆ ಗಲ್ಫ್‌ನಿಂದ ಕಳ್ಳಸಾಗಣೆಯಲ್ಲಿ ಚಿನ್ನ ಬರುತ್ತಿತ್ತು, ಅದಕ್ಕೆ ಇಲ್ಲಿಂದ ರೂಪಾಯಿ ನೋಟು ಹೋಗುತ್ತಿತ್ತು, ಆ ನೋಟನ್ನು ಅಲ್ಲಿನ ಬ್ಯಾಂಕುಗಳು ವಾಪಸ್ ಕೊಟ್ಟು ಪೌಂಡು ಕೇಳುತ್ತಿದ್ದವು. ನಮ್ಮ ಪೌಂಡಿನ ಗಂಟು ಕರಗುತ್ತಾ ಬಂತು. ಅದಕ್ಕೇ 1959ರಲ್ಲಿ ರಿಸರ್ವ್ ಬ್ಯಾಂಕು ಗಲ್ಫ್‌ಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತು. ನಂಬರಿನ ಮುಂದೆ 'ಝಡ್' ಅಕ್ಷರ. ಆ ನೋಟು ಭಾರತದೊಳಗೆ ಚಲಾವಣೆಯಿಲ್ಲ.

1961ರ ಏಪ್ರಿಲ್‌ನಲ್ಲಿ ಕುವೈತ್ ತನ್ನದೇ ದಿನಾರ್ ತಂದಾಗ ಕಟ್ಟಿದ ದರ 13 ರೂಪಾಯಿ 33 ಪೈಸೆ. ಈ ವಿಚಿತ್ರ ಅಂಕಿ ಎಲ್ಲಿಂದ ಬಂತೆಂದು ಹುಡುಕಿದೆ. ಅವರು ಒಂದು ದಿನಾರನ್ನು ಒಂದು ಪೌಂಡಿಗೆ ಸಮ ಮಾಡಿದ್ದರು. ನಮ್ಮ ರೂಪಾಯಿಯನ್ನು ಬ್ರಿಟಿಷರು 1927ರಲ್ಲೇ ಒಂದು ಶಿಲ್ಲಿಂಗ್ ಆರು ಪೆನ್ಸ್‌ಗೆ, ಅಂದರೆ 18 ಪೆನ್ಸ್‌ಗೆ ಕಟ್ಟಿಹಾಕಿದ್ದರು. ಪೌಂಡಿಗೆ 240 ಪೆನ್ಸ್. ಹದಿನೆಂಟರಿಂದ ಭಾಗಿಸಿದರೆ ಹದಿಮೂರೂ ಮೂರನೇ ಒಂದು. ಈ ಲೆಕ್ಕ ಹೊಂದಿದಾಗ ನನಗಾದ ಸಂತೋಷ ಇವತ್ತಿಗೂ ನೆನಪಿದೆ. 1966ರ ಜೂನ್ 6ರಂದು ಇಂದಿರಾ ಗಾಂಧಿ ಸರ್ಕಾರ ಡಾಲರನ್ನು 4.76ರಿಂದ 7.50ಕ್ಕೆ ಏರಿಸಿದಾಗ ದಿನಾರ್ 21 ಆಯಿತು. ಮರುವರ್ಷ ಇಂಗ್ಲೆಂಡ್ ಪೌಂಡಿನ ಬೆಲೆ ಇಳಿಸಿದಾಗ ಕುವೈತ್ ಅದರ ಹಿಂದೆ ಹೋಗಲಿಲ್ಲ. ಪೌಂಡು 18ಕ್ಕೆ ಬಂತು, ದಿನಾರ್ 21ರಲ್ಲೇ ನಿಂತಿತು.

ಪುಸ್ತಕಕ್ಕೆ ಬರುತ್ತೇನೆ. 1989ರ ಕೊನೆಯ ಸಾಲೊಂದರಲ್ಲಿ ದರ 63 ಎಂದಿದೆ, "ಬಂದದ್ದು" ಎನ್ನುವಲ್ಲಿ ಬರೀ ಗೀಟು. ಬ್ಯಾಂಕಿಗಿಂತ ದಿನಾರ್‌ಗೆ ಆರು ರೂಪಾಯಿ ಜಾಸ್ತಿ ಕೊಡುತ್ತೇನೆಂದ ಹುಂಡಿಯವನ, ಅಂದರೆ ಬ್ಯಾಂಕು ತಪ್ಪಿಸಿ ಕಳ್ಳದಾರಿಯಲ್ಲಿ ದುಡ್ಡು ಮುಟ್ಟಿಸುವವನ ಕೈಗೆ ಅಪ್ಪ ಅರವತ್ತು ದಿನಾರ್ ಕೊಟ್ಟಿದ್ದ. ಸರ್ಕಾರಿ ದರಕ್ಕೂ ಹೊರಗಿನ ದರಕ್ಕೂ ಅಷ್ಟು ಅಂತರ ಇದ್ದದ್ದರಿಂದಲೇ ಹುಂಡಿ ನಡೆಯುತ್ತಿತ್ತು. ಆ ದುಡ್ಡು ಬರಲೇ ಇಲ್ಲ. ಆ ಸಲ ನನ್ನ ಸ್ಕೂಲ್ ಫೀಸಿಗೆ ಅಮ್ಮ ಒಂದು ಮೇಕೆ ಮಾರಿದಳು.

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತ್‌ಗೆ ನುಗ್ಗಿತು. ಅಪ್ಪ ಬಾಗ್ದಾದ್ ದಾಟಿ, ಮರುಭೂಮಿಯ ಶಿಬಿರದಲ್ಲಿ ಕಾದು, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನದಲ್ಲಿ ಬಂದ. ಬನಿಯನ್ನಿನ ಒಳಗೆ ಹೊಲಿದ ಜೇಬಿನಲ್ಲಿ ಒಂದು ಐದು ದಿನಾರ್ ನೋಟಿತ್ತು. ನೋಟು ಬೆವರಿಗೆ ಮೆತ್ತಗಾಗಿ, ನಾಲ್ಕು ಮಡಿಕೆಯಲ್ಲೂ ಬೆಳ್ಳಗಾಗಿತ್ತು. ಇರಾಕಿನವರು ಅಲ್ಲಿನ ಬ್ಯಾಂಕಿನಿಂದ ನೋಟಿನ ಕಟ್ಟುಗಳನ್ನೇ ದೋಚಿದ್ದರಿಂದ, 1991ರಲ್ಲಿ ಬಿಡುಗಡೆಯಾದ ಮೇಲೆ ಕುವೈತ್ ಹೊಸ ನೋಟು ತಂದು ಹಳೆಯದನ್ನು ರದ್ದು ಮಾಡಿತು. ಹಳ್ಳಿಯಲ್ಲಿ ಕೂತ ಅಪ್ಪ ಅದನ್ನು ಎಲ್ಲಿ ಬದಲಾಯಿಸಬೇಕಿತ್ತು? ನೋಟು ಇವತ್ತಿಗೂ ಪುಸ್ತಕದ ನಡುವೆ ಇದೆ.

ಅದೇ 1991ರ ಜುಲೈ 1 ಮತ್ತು 3ರಂದು ರೂಪಾಯಿಯನ್ನು ಎರಡು ಸಲ ಇಳಿಸಿದರು. ಡಾಲರ್ 21ರಿಂದ 26ರ ಹತ್ತಿರಕ್ಕೆ ಹೋಯಿತು. ಯುದ್ಧದಿಂದ ಎಣ್ಣೆ ದುಬಾರಿಯಾದದ್ದು, ಗಲ್ಫ್‌ನಿಂದ ಬರುವ ದುಡ್ಡು ನಿಂತದ್ದು ಆ ಬಿಕ್ಕಟ್ಟಿಗೆ ಸೇರಿದ ಕಾರಣಗಳು. ದಿನಾರ್‌ಗೆ ಬೆಲೆ ಏರಿದಾಗ ನಮ್ಮ ಮನೆಯಲ್ಲಿ ದಿನಾರೇ ಇರಲಿಲ್ಲ. ಪುಸ್ತಕದಲ್ಲಿ ಆ ವರ್ಷದ ಹಾಳೆ ಖಾಲಿ.

1992ರಲ್ಲಿ ಅಪ್ಪ ಮತ್ತೆ ಹೋದ. ಆ ವರ್ಷ ಎರಡು ದರದ ಪದ್ಧತಿ ಇತ್ತು: ಹೊರಗಿಂದ ಬಂದ ದುಡ್ಡಿನಲ್ಲಿ ನೂರಕ್ಕೆ ನಲವತ್ತು ಭಾಗ ಸರ್ಕಾರಿ ದರಕ್ಕೆ, ಅರವತ್ತು ಮಾರುಕಟ್ಟೆ ದರಕ್ಕೆ. 1993ರ ಮಾರ್ಚ್‌ನಲ್ಲಿ ಎರಡೂ ಒಂದಾದವು, ದಿನಾರ್ ನೂರು ದಾಟಿತು. ನೂರಕ್ಕೆ ಅಮ್ಮ ಸುತ್ತ ಸೊನ್ನೆ ಹಾಕಿದ್ದಾಳೆ.

ಕೊನೆಯ ಸಾಲು 2011ರ ಜೂನ್‌ನದು: "100 ದಿ. – 162 – 16,200 – ಚಿ. 2,210." ಆ ತಿಂಗಳು ಅಪ್ಪ ಪೂರ್ತಿ ವಾಪಸ್ ಬಂದ. ಮುಂದಿನ ಹಾಳೆಗಳಲ್ಲಿ ಡೈರಿಗೆ ಹಾಕಿದ ಹಾಲಿನ ಲೆಕ್ಕ.

2013ರ ಆಗಸ್ಟ್‌ನಲ್ಲಿ ಡಾಲರ್ 68 ದಾಟಿದಾಗ ದಿನಾರ್ 240ರ ಹತ್ತಿರ ಹೋಯಿತು. ಟಿವಿ ನೋಡುತ್ತಿದ್ದ ಅಪ್ಪ, "ಇನ್ನೆರಡು ವರ್ಷ ಅಲ್ಲೇ ಇರಬೇಕಿತ್ತು ಕಣೇ" ಎಂದು ತಲೆ ಮೇಲೆ ಕೈ ಹೊತ್ತು ಕೂತ. ಅಮ್ಮ ಏನೂ ಹೇಳದೆ ಪುಸ್ತಕ ತಂದಳು. ನನ್ನ ಕೈಲಿ ಪೆನ್ಸಿಲ್ ಕೊಟ್ಟು ಭಾಗಾಕಾರ ಮಾಡಿಸಿದಳು. 1989ರ ನಲವತ್ತು ದಿನಾರ್‌ಗೆ ಚಿನ್ನ ಏಳು ಗ್ರಾಂಗೆ ತುಸು ಕಮ್ಮಿ. 2011ರ ನೂರು ದಿನಾರ್‌ಗೆ ಏಳು ಗ್ರಾಂ ಚಿಲ್ಲರೆ. ಆವತ್ತಿನ 240ರ ಲೆಕ್ಕದಲ್ಲಿ ಅದೇ ನೂರು ದಿನಾರ್‌ಗೆ, ಚಿನ್ನ 3,350 ಇದ್ದುದರಿಂದ, ಮತ್ತೆ ಏಳು ಗ್ರಾಂ ಚಿಲ್ಲರೆ.

"ನೋಡ್ರಿ, ಇದ್ದಿದ್ರೂ ಅಷ್ಟೇ ಬರ್ತಿತ್ತು," ಎಂದಳು. "ಏಳಿ, ಹಸಕ್ಕೆ ಹೊತ್ತಾಯ್ತು."

ಅಪ್ಪ ಎದ್ದು ಕೊಟ್ಟಿಗೆಗೆ ಹೋದ. ಪೆನ್ಸಿಲಿನ ಆ ಭಾಗಾಕಾರ ಹಾಲಿನ ಲೀಟರುಗಳ ಪಕ್ಕದಲ್ಲಿ ಹಾಗೇ ಇದೆ.