ಅರ್ಧ ಖಾಲಿ ಶೆಲ್ಫ್, ಎಣ್ಣೆ ಕುಡಿದ ಹಲಗೆ

ಮನೆ ಶಾಂತವಾಗಿ ಕಾಣಬೇಕು ಅಂತ ಮನಸ್ಸಾದ ಕೂಡಲೇ ಬಹಳ ಜನ ಅಂಗಡಿಗೆ ಓಡುತ್ತಾರೆ. ಬೆತ್ತದ ಬುಟ್ಟಿ, ಮಣ್ಣಿನ ಹೂದಾನಿ, ಸೆಣಬಿನ ಚಾಪೆ ಬರುತ್ತವೆ. ಕೆಲವು ತಿಂಗಳಲ್ಲಿ ಬುಟ್ಟಿಗೆ ಬೂಷ್ಟು ಹಿಡಿದಿರುತ್ತದೆ, ಹೂದಾನಿಯ ಕೆಳಗೆ ಟೇಬಲ್ ಮೇಲೊಂದು ಬಿಳಿ ಉಂಗುರ ಮೂಡಿರುತ್ತದೆ, ಚಾಪೆ ಕಿಟಕಿಯ ಕಡೆ ಮಾತ್ರ ಬಣ್ಣಗೆಟ್ಟಿರುತ್ತದೆ. ನೀರು ಎಲ್ಲಿ ತಾಗುತ್ತದೆ, ಬಿಸಿಲು ಎಲ್ಲಿ ಬೀಳುತ್ತದೆ ಅಂತ ನೋಡದೆ ಇಟ್ಟರೆ ಹೀಗೇ ಆಗುವುದು. ಹಾಗಾಗಿ ಕೊಳ್ಳುವ ಮೊದಲು ಎರಡು ದಿನ ಬಿಸಿಲು ಕೋಣೆಯೊಳಗೆ ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಅಂತ ಗಮನಿಸಿ.

ಶೆಲ್ಫ್‌ನಿಂದ ಶುರು ಮಾಡೋಣ. ಹೊಳೆಯುವ ವಾರ್ನಿಷ್ ಬದಲು ಎಣ್ಣೆ ಹಚ್ಚಿದ ಮರ ಬೆಳಕನ್ನು ಕಣ್ಣಿಗೆ ಎರಚುವುದಿಲ್ಲ. ಗೀರು ಬಿದ್ದರೆ ಅಷ್ಟೇ ಜಾಗ ಉಜ್ಜಿ ಮತ್ತೆ ಎಣ್ಣೆ ಹಾಕಬಹುದು. ಬರಿ ಮರವನ್ನು 120, ಆಮೇಲೆ 180, ಕೊನೆಗೆ 220 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಮರದ ಎಳೆ ಹೋದ ದಿಕ್ಕಿನಲ್ಲೇ ಉಜ್ಜಿ. ಅಡ್ಡ ಉಜ್ಜಿದ ಗೀರು ಆಗ ಕಾಣುವುದಿಲ್ಲ, ಎಣ್ಣೆ ಬಿದ್ದ ಮೇಲೆ ಎದ್ದು ಕಾಣುತ್ತದೆ. ಧೂಳು ಒರೆಸಿ, ಬೇಗ ಒಣಗುವ ಬಗೆಯ ಅಗಸೆ ಎಣ್ಣೆಯನ್ನು ಹತ್ತಿಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ 15ರಿಂದ 20 ನಿಮಿಷ ಬಿಡಿ. ನಂತರ ಮರ ಕುಡಿಯದೆ ಉಳಿಸಿದ್ದನ್ನೆಲ್ಲ ಒಣ ಬಟ್ಟೆಯಿಂದ ತೆಗೆಯಿರಿ. ಎಲ್ಲರೂ ಸೋಮಾರಿಗಳಾಗುವುದು ಇಲ್ಲೇ. ಉಳಿದ ಎಣ್ಣೆ ವಾರಗಟ್ಟಲೆ ಅಂಟಂಟಾಗಿದ್ದು ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಒಂದು ದಿನ ಒಣಗಲು ಬಿಟ್ಟು ಎರಡನೇ ಕೈ, ಬೇಕಿದ್ದರೆ ಮೂರನೆಯದು.

ಒಂದು ಎಚ್ಚರಿಕೆ, ಇದು ತಮಾಷೆಯಲ್ಲ: ಅಗಸೆ ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕದ ಜೊತೆ ಸೇರುವುದು, ಆಗ ಬಿಸಿ ಹುಟ್ಟುತ್ತದೆ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆದರೆ ಆ ಬಿಸಿ ಹೊರಹೋಗಲಾರದೆ ತಾನಾಗಿ ಬೆಂಕಿ ಹತ್ತಬಹುದು. ಒಂದೇ ಪದರವಾಗಿ ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಗ್ಲೇಜ್ (ಗಾಜಿನಂಥ ನುಣುಪು ಲೇಪ) ಇಲ್ಲದ ಮಣ್ಣಿನ ಪಾತ್ರೆ ನೀರು ಬೆವರುತ್ತದೆ, ಅದು ಅದರ ಗುಣ. ನಿಮ್ಮದು ಎಷ್ಟು ಬೆವರುತ್ತದೆ ಅಂತ ತಿಳಿಯಲು ನೀರು ತುಂಬಿಸಿ ಒಣ ಪತ್ರಿಕೆಯ ಮೇಲೆ 24 ಗಂಟೆ ಇಡಿ. ಕಾಗದ ಒದ್ದೆಯಾದರೆ ಒಳಗೊಂದು ಗಾಜಿನ ಲೋಟ ಇಳಿಸಿ, ಹೂವು ಅದರಲ್ಲಿರಲಿ. ಹೊರಮೈಯಲ್ಲಿ ಬಿಳಿ ಪುಡಿ ಕಂಡರೆ ಗಾಬರಿ ಬೇಡ. ಅದು ನೀರಿನ ಜೊತೆ ಈಚೆ ಬಂದು ಕೂತ ಲವಣ. ಒಣ ಬ್ರಶ್ಶಿನಲ್ಲಿ ತಿಕ್ಕಿದರೆ ಹೋಗುತ್ತದೆ.

ಹೊರಗಿನಿಂದ ಆಯ್ದು ತಂದ ಕೊಂಬೆಯ ಜೊತೆ ಮರಕೊರೆಯುವ ಹುಳುವೂ ಮನೆಗೆ ಬರಬಹುದು. ಸಣ್ಣ ತೂತು, ಅದರ ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಒಳಗೆ ಕೆಲಸ ನಡೆದಿದೆ ಅಂತಲೇ ಅರ್ಥ. ಚಿಕ್ಕ ತುಂಡಾದರೆ ಚೆನ್ನಾಗಿ ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೂ ಒಂದು ದಿನ ಚೀಲ ಬಿಚ್ಚಬೇಡಿ. ಹಾಗೆ ಮಾಡಿದರೆ ತೇವ ಚೀಲದ ಹೊರಗೆ ಕೂರುತ್ತದೆ, ಮರದ ಮೇಲಲ್ಲ.

ಜೋಲು ಬಿದ್ದ ಬೆತ್ತದ ಕುರ್ಚಿಯನ್ನು ಎಸೆಯಬೇಡಿ. ಹೆಣಿಗೆ ಹರಿದಿಲ್ಲದಿದ್ದರೆ ಕುರ್ಚಿಯನ್ನು ತಲೆಕೆಳಗು ಮಾಡಿ, ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಅಡಿಭಾಗಕ್ಕೆ ಅರ್ಧ ಗಂಟೆ ಹೊದಿಸಿ. ಮೇಲ್ಮೈಯಲ್ಲಿ ನುಣುಪು ಸಿಪ್ಪೆ ಇರುವುದರಿಂದ ನೀರು ಹೀರುವುದು ಅಡಿಭಾಗವೇ. ಒಂದು ದಿನ ಯಾರೂ ಕೂರದೆ ಒಣಗಿದರೆ ಬೆತ್ತ ಕುಗ್ಗಿ ಬಿಗಿಯಾಗುತ್ತದೆ. ಪ್ಲಾಸ್ಟಿಕ್ ಬೆತ್ತಕ್ಕೆ ಈ ಉಪಾಯ ನಡೆಯದು. ಸೆಣಬಿನ ಚಾಪೆಗೆ ಮಾತ್ರ ಇದರ ಉಲ್ಟಾ ನಿಯಮ: ನೀರಿನಲ್ಲಿ ತೊಳೆದರೆ ಕಂದು ಕಲೆ ಬರುತ್ತದೆ. ಏನಾದರೂ ಚೆಲ್ಲಿದರೆ ಉಜ್ಜದೆ ಒಣ ಬಟ್ಟೆ ಒತ್ತಿ ಹೀರಿಸಿ.

ಇನ್ನು ಜೋಡಿಸುವುದು. 90 ಸೆಂಟಿಮೀಟರ್ ಉದ್ದದ ಶೆಲ್ಫ್‌ಗೆ ಮೂರು ವಸ್ತು ಸಾಕು, ನಾಲ್ಕನೆಯದು ಬಂದರೆ ಅಂಗಡಿಯ ಕಪಾಟು. 30 ಸೆಂಟಿಮೀಟರಿನ ಹೂದಾನಿ ಹಿಂದೆ, ಅದಕ್ಕೆ ತುಸು ಅಡ್ಡವಾಗಿ 15 ಸೆಂಟಿಮೀಟರಿನ ಮರದ ಬಟ್ಟಲು, ಮುಂದೆ ಅಂಗೈಯಲ್ಲಿ ಹಿಡಿಸುವ ಒಂದು ಕಲ್ಲು. ಮೂರೂ ಒಂದು ತುದಿಗೆ ಸೇರಲಿ, ಉಳಿದರ್ಧ ಖಾಲಿ ಇರಲಿ. ಆ ಖಾಲಿ ಜಾಗದಲ್ಲಿ ಬೀಗದ ಕೈ, ಚಾರ್ಜರ್, ಬಿಲ್ಲು ಬಂದು ಕೂರದಂತೆ ಬಾಗಿಲ ಹತ್ತಿರ ಮುಚ್ಚಳವಿರುವ ಡಬ್ಬಿಯೊಂದನ್ನು ಇಡಿ. ಅದಿಲ್ಲದೆ ಯಾವ ಜೋಡಣೆಯೂ ಒಂದು ವಾರ ಉಳಿಯುವುದಿಲ್ಲ.

ಇಷ್ಟಾದ ಮೇಲೂ ಎಲ್ಲ ಸಪ್ಪೆ ಅನ್ನಿಸಿದರೆ ಬೆಳಕನ್ನು ನೋಡಿ. ಸೀಲಿಂಗ್‌ನ ಬಿಳಿ ಟ್ಯೂಬ್‌ಲೈಟ್ ಕೆಳಗೆ ಮಣ್ಣಿನ ತರಿ, ಮರದ ಎಳೆ ಯಾವುದೂ ಕಾಣುವುದಿಲ್ಲ. 2700 ಕೆಲ್ವಿನ್‌ನ (ಹಳದಿ ಛಾಯೆಯ ಬೆಳಕು ಕೊಡುವ) ಬಲ್ಬ್ ಹಾಕಿದ ಸಣ್ಣ ದೀಪವನ್ನು ಶೆಲ್ಫ್‌ನ ಪಕ್ಕಕ್ಕೆ, ವಸ್ತುಗಳ ಎತ್ತರದಲ್ಲೇ ಇಟ್ಟು ದೊಡ್ಡ ಲೈಟ್ ಆರಿಸಿ. ಕಲ್ಲಿನ ಒಂದು ಕಡೆ ನೆರಳಿಗೆ ಜಾರುತ್ತದೆ, ಬಟ್ಟಲಿನ ಅಂಚಿನಲ್ಲಿ ಉಳಿಯ ಗುರುತು ಕಾಣುತ್ತದೆ.