ಕಾಸರಗೋಡಿನಿಂದ ಹಿಮಕ್ಕೆ ಹೊರಟವರಿಗೆ: ಸ್ನೋಬೋರ್ಡಿನ ಮೊದಲ ಮೂರು ದಿನ

ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಅಂಗಳದ ತುಂಬ ಎಳೆಯುವ ಆಟವನ್ನು ನಮ್ಮ ಕಡೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡೂ ಕಾಲು ಕಟ್ಟಿಕೊಂಡು ಹಿಮದ ಮೇಲೆ ಜಾರುವ ಹಲಗೆ, ಸ್ನೋಬೋರ್ಡ್, ಹುಟ್ಟಿದ್ದೂ ಹೆಚ್ಚುಕಡಿಮೆ ಹಾಗೆಯೇ. 1965ರಲ್ಲಿ ಅಮೆರಿಕದ ಮಿಶಿಗನ್ನಿನಲ್ಲಿ ಶೆರ್ಮನ್ ಪಾಪೆನ್ ಎಂಬವರು ಮಕ್ಕಳಿಗೆ ಆಡಲೆಂದು ಎರಡು ಸ್ಕೀಗಳನ್ನು ಜೋಡಿಸಿದರು. ಆಮೇಲೆ ಅದರ ಮೂತಿಗೆ ಹಿಡಿದುಕೊಳ್ಳಲು ಒಂದು ಹಗ್ಗ ಬಂತು. 1998ರ ನಾಗಾನೊ ಚಳಿಗಾಲದ ಒಲಿಂಪಿಕ್ಸ್ ಹೊತ್ತಿಗೆ ಅದು ಪದಕದ ಕ್ರೀಡೆ. ಆದರೆ ಹಾಳೆಗಿಲ್ಲದ್ದು ಈ ಹಲಗೆಗೆ ಒಂದಿದೆ: ಎರಡೂ ಬದಿಯಲ್ಲಿ ಉಕ್ಕಿನ ಅಂಚು. ತಿರುಗುವುದು, ನಿಲ್ಲುವುದು, ಬೀಳುವುದು ಎಲ್ಲ ಆ ಅಂಚಿನಿಂದಲೇ. ಜನವರಿ, ಫೆಬ್ರವರಿಯಲ್ಲಿ ಕಾಶ್ಮೀರದ ಗುಲ್ಮಾರ್ಗಿಗೆ ಹೋಗುವವರು ಮೊದಲ ಮೂರು ದಿನವನ್ನು ಅಂಚಿಗೇ ಮೀಸಲಿಡಿ.

ತಯಾರಿ ಊರಲ್ಲೇ ಶುರುವಾಗಲಿ. ಒಂದು ತಿಂಗಳು ಮುಂಚಿನಿಂದ ವಾರಕ್ಕೆ ಎರಡು ಸಲ ಪೊಸಡಿ ಗುಂಪೆಯಂಥ ಗುಡ್ಡೆ ಹತ್ತಿ ಇಳಿಯಿರಿ. ಇಳಿಯುವಾಗ ತೊಡೆಗೆ ಬೀಳುವ ಭಾರವೇ ಅಲ್ಲಿ ಬೇಕಾದದ್ದು. ಗೋಡೆಗೆ ಬೆನ್ನು ಕೊಟ್ಟು, ಕುರ್ಚಿಯಲ್ಲಿ ಕೂತಂತೆ 45 ಸೆಕೆಂಡು, ಮೂರು ಸಲ. ತುದಿಗಾಲಲ್ಲಿ ಎದ್ದು ಇಳಿಯುವುದು 20ರಂತೆ ಮೂರು ಸಲ; ಮೀನಖಂಡಕ್ಕೆ ಬಲವಿಲ್ಲದಿದ್ದರೆ ಬೋರ್ಡಿನ ಕಾಲ್ಬೆರಳ ಕಡೆಯ ಅಂಚಿನ ಮೇಲೆ ನಿಲ್ಲಲಾಗುವುದಿಲ್ಲ.

ಬಟ್ಟೆಯ ವಿಷಯದಲ್ಲಿ ಕರಾವಳಿಯ ರೂಢಿ ಪೂರ್ತಿ ತಿರುಗುತ್ತದೆ. ಇಲ್ಲಿ ಹಿತವಾದ ಹತ್ತಿ ಅಲ್ಲಿ ಶತ್ರು. ಹತ್ತಿಯ ಬನಿಯನ್ ಬೆವರು ಕುಡಿದು ಒದ್ದೆಯಾಗಿಯೇ ಇರುತ್ತದೆ, ಜೀನ್ಸ್ ಹಿಮ ಕುಡಿಯುತ್ತದೆ, ಐದು ನಿಮಿಷ ಕೂತರೆ ನಡುಕ. ಮೈಗೆ ತಾಗುವ ಪದರ ಉಣ್ಣೆಯದೋ ಪಾಲಿಯೆಸ್ಟರಿನದೋ ಇರಲಿ, ಮೇಲಿನದು ನೀರು ಹಿಡಿಯದ್ದು. ಕುತ್ತಿಗೆಗೆ ಬೈರಾಸು ಸುತ್ತಬೇಡಿ. ಜೋತಾಡುವ ಬಟ್ಟೆ ಲಿಫ್ಟಿಗೆ ಸಿಕ್ಕಿಕೊಳ್ಳುತ್ತದೆ. ಸಾಕ್ಸ್ ಒಂದೇ ಜೊತೆ. ಎರಡು ಹಾಕಿದರೆ ಬೂಟು ಬಿಗಿದು ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ.

ಬೋರ್ಡ್ ಬಾಡಿಗೆಗೆ ಸಿಗುತ್ತದೆ. ನೆಟ್ಟಗೆ ನಿಲ್ಲಿಸಿದರೆ ನಿಮ್ಮ ಗದ್ದಕ್ಕೂ ಮೂಗಿಗೂ ನಡುವೆ ಬರಲಿ, ಮೆತ್ತಗೆ ಬಾಗುವಂಥದ್ದಾಗಿರಲಿ. ಬೋರ್ಡಿಗಿಂತ ಬೂಟು ಮುಖ್ಯ. ನೆಟ್ಟಗೆ ನಿಂತಾಗ ಹೆಬ್ಬೆರಳು ತುದಿಗೆ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ತುಸು ಹಿಂದೆ ಸರಿಯಬೇಕು, ಹಿಮ್ಮಡಿ ಮಾತ್ರ ಏಳಲೇಬಾರದು. ಅದು ಏಳುವ ಬೂಟಿನಲ್ಲಿ ನೀವು ಒತ್ತಿದ್ದು ಬೋರ್ಡಿಗೆ ತಡವಾಗಿ ಮುಟ್ಟುತ್ತದೆ. ಬೂಟನ್ನು ಬೋರ್ಡಿಗೆ ಕಟ್ಟುವ ಬೈಂಡಿಂಗಿನ ಕೋನ ಮುಂದಿನ ಕಾಲಿಗೆ 15 ಡಿಗ್ರಿ ಮೂತಿಯ ಕಡೆಗೆ, ಹಿಂದಿನದಕ್ಕೆ 6ರಿಂದ 9 ಡಿಗ್ರಿ ಬಾಲದ ಕಡೆಗೆ ಇಡಲು ಹೇಳಿ. ಕಾಲುಗಳ ಅಂತರ ಭುಜದಗಲಕ್ಕಿಂತ ಸ್ವಲ್ಪ ಹೆಚ್ಚು. ಹೊರಡುವ ಮುಂಚೆ ಬೈಂಡಿಂಗ್ ಹಿಡಿದು ಅಲುಗಿಸಿ ನೋಡಿ, ಬಾಡಿಗೆ ಬೋರ್ಡಿನ ಸ್ಕ್ರೂ ಸಡಿಲವಿರುವುದುಂಟು. ಯಾವ ಕಾಲು ಮುಂದೆ ಎಂದು ಮನೆಯ ನುಣುಪು ನೆಲದಲ್ಲೇ ತಿಳಿಯಬಹುದು. ಸಾಕ್ಸ್ ಹಾಕಿ ನಾಲ್ಕು ಹೆಜ್ಜೆ ಓಡಿ ಜಾರಿದಾಗ ತಾನಾಗಿ ಮುಂದೆ ಹೋದ ಕಾಲೇ ಮುಂದಿನದು. ಎಡಗಾಲಾದರೆ ರೆಗ್ಯುಲರ್, ಬಲಗಾಲಾದರೆ ಗೂಫಿ.

ಸಮುದ್ರಮಟ್ಟದವರಾದ ನಮಗೆ ಗುಲ್ಮಾರ್ಗಿನ ಸುಮಾರು 2,650 ಮೀಟರ್ ಎತ್ತರವೇ ತಲೆನೋವು ತರಬಲ್ಲದು. ಮುಟ್ಟಿದ ದಿನ ಬೋರ್ಡ್ ಬೇಡ. ನೀರು ಕುಡಿದು ಮೆಲ್ಲಗೆ ಓಡಾಡಿ ಸಾಕು. ಗೊಂಡೋಲಾ ಎಂಬ ಕೇಬಲ್ ಕಾರಿನ ಎರಡನೆಯ ಹಂತ ಅಫರ್ವತ್‌ನಲ್ಲಿ 3,900 ಮೀಟರ್ ದಾಟುತ್ತದೆ, ಹಿಮಕುಸಿತದ ಇಳಿಜಾರುಗಳು ಅಲ್ಲಿವೆ. ಕಲಿಯುವವರ ಜಾಗ ಅದಲ್ಲ. ಕೆಳಗಿನ ಬಟ್ಟಲಿನಂಥ ಬಯಲಲ್ಲೇ ಇರಿ. ತರಬೇತಿ ಗೊತ್ತುಮಾಡುವಾಗ ಸ್ನೋಬೋರ್ಡ್ ಕಲಿಸುವವರೇ ಬೇಕೆಂದು ಬಿಡಿಸಿ ಹೇಳಿ, ಸ್ಕೀ ಕಲಿಸುವವರೇ ಅಲ್ಲಿ ಹೆಚ್ಚು.

ಮೊದಲು ಸಮತಟ್ಟು ನೆಲ. ಮುಂದಿನ ಕಾಲಷ್ಟೇ ಕಟ್ಟಿಕೊಂಡು, ಹಿಂದಿನದರಿಂದ ನೆಲ ಒದ್ದು ಅರ್ಧ ಗಂಟೆ ಸರಿಯಿರಿ. ಆಮೇಲೆ ಮೆಲುವಾದ ಇಳಿಜಾರಿನಲ್ಲಿ ಎರಡೂ ಕಾಲು ಕಟ್ಟಿ, ಬೋರ್ಡನ್ನು ಇಳಿಜಾರಿಗೆ ಅಡ್ಡ ಇಟ್ಟು, ಕಣಿವೆಯ ಕಡೆ ಮುಖ ಮಾಡಿ ಎದ್ದು ನಿಲ್ಲಿ. ಈಗ ಹಿಮದೊಳಗೆ ಕಚ್ಚಿರುವುದು ಹಿಮ್ಮಡಿಯ ಅಂಚು. ಕಾಲ್ಬೆರಳುಗಳನ್ನು ಮೇಲೆತ್ತಿದರೆ ನಿಲ್ಲುತ್ತೀರಿ, ಕೂದಲೆಳೆಯಷ್ಟು ಇಳಿಸಿದರೆ ಜಾರುತ್ತೀರಿ. ಬೆನ್ನು ನೆಟ್ಟಗಿರಲಿ, ಬಗ್ಗುವುದು ಮೊಣಕಾಲು. ಸೊಂಟ ಬಗ್ಗಿಸಿ ಬೋರ್ಡಿನ ತುದಿ ನೋಡುವವರು ಖಂಡಿತ ಬೀಳುತ್ತಾರೆ.

ಸ್ನೋಬೋರ್ಡಿನ ಕುಖ್ಯಾತ ಬೀಳುವಿಕೆ ಆಗುವುದು ಇಲ್ಲೇ. ಬೆರಳುಗಳನ್ನು ಬೇಕಾದ್ದಕ್ಕಿಂತ ಇಳಿಸಿದಿರಿ ಅನ್ನಿ, ಕಣಿವೆಯ ಕಡೆಯ ಅಂಚು ಹಿಮಕ್ಕೆ ತಾಗುತ್ತದೆ. ಬೋರ್ಡ್ ನಿಂತಲ್ಲೇ ಕಚ್ಚಿಕೊಳ್ಳುತ್ತದೆ, ಮೈ ಮುಂದೆ ಹೋಗುತ್ತದೆ. ಕೈ ಚಾಚುವಷ್ಟೂ ಪುರುಸೊತ್ತಿಲ್ಲ, ನಡೆಯುವ ವೇಗವೇ ಸಾಕು. ಗುಡ್ಡದ ಕಡೆ ಮುಖ ಮಾಡಿ ಬೆರಳಂಚಿನ ಮೇಲಿದ್ದಾಗ ಹೀಗಾದರೆ ಬೀಳುವುದು ಹಿಂದಕ್ಕೆ, ಪೆಟ್ಟು ತಲೆಗೆ. ಹಾಗಾಗಿ ಹೆಲ್ಮೆಟ್ ಬಿಡುವ ಮಾತೇ ಇಲ್ಲ. ಜಾರುವಾಗೆಲ್ಲ ಮೇಲುಗಡೆಯ ಅಂಚೇ ಹಿಮ ಹಿಡಿದಿರಬೇಕು ಎಂಬುದು ಕಾಲಿಗೆ ಗೊತ್ತಾಗುವವರೆಗೆ ಮುಂದಿನ ಪಾಠಕ್ಕೆ ಹೋಗಬೇಡಿ. ಕಲಿಯುವವರಲ್ಲಿ ಹೆಚ್ಚು ಮುರಿಯುವುದು ಮಣಿಕಟ್ಟು. ಮುಂದೆ ಬಿದ್ದರೆ ಮುಷ್ಟಿ ಕಟ್ಟಿ ಮೊಣಕಾಲು, ಮುಂಗೈಗಳ ಮೇಲೆ ಬೀಳಿ. ಹಿಂದೆ ಬಿದ್ದರೆ ಗದ್ದ ಎದೆಗೊತ್ತಿ ಕುಂಡೆಯಿಂದ ಬೆನ್ನಿಗೆ ಉರುಳಿ. ಅಂಗೈ ಊರಬೇಡಿ. ಮಣಿಕಟ್ಟಿನ ಗಾರ್ಡ್ ಊರಿಂದಲೇ ಒಯ್ಯಿರಿ.

ಎರಡನೆಯ ದಿನ ಅದೇ ಅಂಚಿನಲ್ಲಿ ಎಡಕ್ಕೆ, ಬಲಕ್ಕೆ ಒಣಗಿದೆಲೆ ಬಿದ್ದಂತೆ ತೇಲುತ್ತ ಇಳಿಯಿರಿ. ನೋಟ ಹೋದ ಕಡೆ ಭುಜ, ಭುಜ ಹೋದ ಕಡೆ ಬೋರ್ಡ್. ಆಮೇಲೆ ಗುಡ್ಡದ ಕಡೆ ಮುಖ ಮಾಡಿ, ಬೂಟಿನ ನಾಲಗೆಗೆ ಮುಂಗಾಲು ಒತ್ತಿ ಬೆರಳಂಚು. ಮೂರನೆಯ ದಿನ ತಿರುವು. ಬೋರ್ಡಿನ ಮೂತಿ ನೇರ ಕೆಳಕ್ಕೆ ತಿರುಗುವ ಆ ಒಂದೆರಡು ಸೆಕೆಂಡಿನಲ್ಲಿ ಹೆದರಿ ಹಿಂದಕ್ಕೆ ವಾಲುವುದೇ ದೊಡ್ಡ ತಪ್ಪು. ಭಾರ ಹಿಂದೆ ಹೋದರೆ ಮೂತಿ ಹಗುರವಾಗಿ ತಿರುಗುವುದೇ ಇಲ್ಲ, ವೇಗ ಮಾತ್ರ ಏರುತ್ತದೆ. ಮುಂದಿನ ಕಾಲಿನ ಮೇಲೆ ಭಾರ ಬಿಟ್ಟು, ಬೋರ್ಡ್ ಚಪ್ಪಟೆಯಾಗುವವರೆಗೆ ಕಾದು, ಆಮೇಲೆ ಅಂಚು ಬದಲಿಸಿ.

ಸಂಜೆ ಬೂಟಿನ ಒಳಪದರವನ್ನು ಬಿಚ್ಚಿ ಒಣಗಿಸಿ. ಕೋಣೆಯ ಬುಖಾರಿ ಒಲೆಗೆ ಒತ್ತಿ ಇಡಬೇಡಿ. ಎರಡು ಮೊಳ ದೂರದಲ್ಲಿಟ್ಟರೆ ಫೋಮ್ ಕರಗದೆ ಬೆಳಗಿಗೆ ಒಣಗಿರುತ್ತದೆ.